ಕೆಸರೇಡಿಯ ದೊಡ್ಡ ಕೈ ಯಾರನ್ನು ಕರೆಯುತ್ತದೆ

ದೇವರು ಭೂಮಿಯನ್ನು ಮಾಡಿ ಮುಗಿಸಿ ಕೈ ತೊಳೆದುಕೊಂಡ ನೀರು ಇನ್ನೂ ಕಡಲಿನ ಕಡೆಗೆ ಹರಿಯುತ್ತಲೇ ಇದ್ದ ಕಾಲ ಅದು. ಆ ನೀರು ಕಡಲನ್ನು ಸೇರುವ ಅಳಿವೆಯಲ್ಲಿ ಕೆಸರು ನಿಂತಿತು. ಹೊಸ ಕೆಸರು. ಹೆಪ್ಪು ಸರಿಯಾಗಿ ಕೂಡದ ಮೊಸರಿನ ಹಾಗೆ ಮೆತ್ತಗೆ.

ಆ ಕೆಸರಿನಲ್ಲಿ ಏಡಿಗಳಿದ್ದವು. ಆಗ ಎಲ್ಲ ಏಡಿಗಳಿಗೂ ಎರಡು ಕೈ, ಎರಡೂ ಸಮ. ಆದರೆ ಬಿಲ ಮಾತ್ರ ಎಲ್ಲರಿಗೂ ಇರಲಿಲ್ಲ. ತೋಡಿದ ಬಿಲ ತಿರುಗಿ ನೋಡುವುದರೊಳಗೆ ಕುಸಿಯುತ್ತಿತ್ತು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರದ ಬೇರು ಮಣ್ಣನ್ನು ಹಿಡಿದುಕೊಂಡ ದಿಬ್ಬದ ಮೇಲೆ ಮಾತ್ರ ಬಿಲ ನಿಲ್ಲುತ್ತಿತ್ತು. ದಿಬ್ಬ ಚಿಕ್ಕದು. ಏಡಿಗಳು ಬಹಳ.

ಅಲ್ಲಿ ಒಂದು ಮುದಿ ಕೊಕ್ಕರೆಯೂ ಇತ್ತು. ಏಡಿಗಳು ಅದನ್ನು ಅಜ್ಜಯ್ಯ ಎನ್ನುತ್ತಿದ್ದವು. ಅಜ್ಜಯ್ಯ ಏಕಾದಶಿ ಹಿಡಿಯುವವರು. ಆ ದಿನ ಒಂಟಿ ಕಾಲಿನಲ್ಲಿ ನಿಂತುಬಿಟ್ಟರೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ಬಿಲದ ವ್ಯಾಜ್ಯ ಏನಿದ್ದರೂ ಏಡಿಗಳು ಏಕಾದಶಿಯ ದಿನವೇ, ಅಜ್ಜಯ್ಯನ ಎದುರಿಗೇ, ಮುಷ್ಟಿಕಾಳಗ ಆಡಿ ತೀರಿಸಿಕೊಳ್ಳುತ್ತಿದ್ದವು. ಬೆನ್ನು ಕೆಸರಿಗೆ ತಾಗಿದವನು ಸೋತ. ನಿಂತವನಿಗೆ ಬಿಲ.

ಮರುದಿನ ದ್ವಾದಶಿ. ಬೆಳಕು ಹರಿಯುತ್ತಲೇ ಅಜ್ಜಯ್ಯನ ಪಾರಣೆ. ಬಿಲವಿಲ್ಲದೆ ಹೊರಗೆ ಉಳಿದವನೇ ಪಾರಣೆಗೆ. ಅಜ್ಜಯ್ಯ ವ್ರತವನ್ನು ಒಂದು ಸಲವೂ ತಪ್ಪಿಸಿದವರಲ್ಲ. ಪಾರಣೆಯನ್ನೂ ತಪ್ಪಿಸಿದವರಲ್ಲ.

ದಿಬ್ಬದ ತುದಿಯ ಬಿಲದಲ್ಲಿ ಕಿರಿಯಣ್ಣ ಎಂಬ ಏಡಿ ಇದ್ದ. ಹೆಸರಿಗೆ ತಕ್ಕ ಹಾಗೆ ಅಳಿವೆಯಲ್ಲೇ ಎಲ್ಲರಿಗಿಂತ ಗಿಡ್ಡ. ಆದರೆ ಮುಷ್ಟಿಯ ಕಸುಬಿನಲ್ಲಿ ಅವನ ಸಮ ಯಾರೂ ಇರಲಿಲ್ಲ. ಎದುರಾಳಿಯ ಕೈ ಬರುವ ಮೊದಲೇ ಪಕ್ಕಕ್ಕೆ ಸರಿದಿರುತ್ತಿದ್ದ. ಏಡಿಗಳೆಲ್ಲ ಅಡ್ಡಡ್ಡ ನಡೆಯಲು ಕಲಿತದ್ದೇ ಅವನನ್ನು ನೋಡಿ ಎಂದು ಹೇಳುತ್ತಾರೆ.

ಆ ಏಕಾದಶಿಗೆ ಕಡಲಿನಿಂದ ದೂಮಣ್ಣ ಎಂಬ ಏಡಿ ಬಂದ. ತೆಂಗಿನ ಚಿಪ್ಪಿನಷ್ಟು ಅಗಲ. ಕೈಗಳು ದೋಣಿಯ ಹುಟ್ಟಿನ ಹಾಗೆ. ದಿಬ್ಬವನ್ನೆಲ್ಲ ನೋಡಿ, ಕಿರಿಯಣ್ಣನ ಬಿಲದ ಬಾಯಿಗೆ ಬಂದು ನಿಂತ.

"ಇದು ನನಗೆ ಬೇಕು," ಅಂದ.

"ಇದರೊಳಗೆ ನಿನ್ನ ಮೂಗೂ ಹೋಗ್ಲಿಕ್ಕಿಲ್ಲ ಮಾರಾಯ," ಅಂದ ಕಿರಿಯಣ್ಣ.

"ಅಗಲ ಮಾಡ್ಕೊಳ್ತೇನೆ. ನೀನು ಹೊರಗೆ ಬಾ."

ಒಳಗೆ ಕಿರಿಯಣ್ಣನ ಹೆಂಡತಿ ಅಕ್ಕಣಿ ಇದ್ದಳು. ಅವಳ ಹೊಟ್ಟೆಯಡಿಯಲ್ಲಿ ಸಾಸಿವೆಯಂಥ ಮೊಟ್ಟೆಗಳ ಗೊಂಚಲು. "ನೀವು ಸೋತರೆ ಇವುಗಳನ್ನು ಹೊತ್ಕೊಂಡು ನಾನು ಎಲ್ಲಿಗೆ ಹೋಗ್ಲಿ?" ಎಂದು ಅವಳು ಕೇಳಿದಳು. ಕಿರಿಯಣ್ಣ ಹೊರಗೆ ಬಂದ.

ನೀರು ಇಳಿಯಿತು. ಕೆಸರು ಕಂಡಿತು. ಅಜ್ಜಯ್ಯ ಕಣ್ಣು ಅರ್ಧ ಮುಚ್ಚಿ, "ನಾನು ಇವತ್ತು ಏನನ್ನೂ ಮುಟ್ಟುವವನಲ್ಲ. ಶುರು ಮಾಡಿ," ಅಂದರು.

ಕಿರಿಯಣ್ಣ ಗಾಳಿಯ ಹಾಗೆ ಆಡಿದ. ದೂಮಣ್ಣನ ಹೊಡೆತ ಒಂದೊಂದೂ ಬರೀ ಕೆಸರನ್ನು ಹೊಡೆಯಿತು. ಕಿರಿಯಣ್ಣ ಅವನ ಕೈಯಡಿ ನುಸುಳಿ ಒಳಗೆ ಹೋಗುವನು, ಹೊಟ್ಟೆಗೆ ಗುದ್ದುವನು, ಮತ್ತೆ ಹೊರಗೆ ಬರುವನು. ಗುದ್ದು ಬಿದ್ದದ್ದೆಲ್ಲ ಅವನದೇ. ಆದರೆ ದೂಮಣ್ಣ ಅಲ್ಲಾಡಲಿಲ್ಲ.

"ಇನ್ನು ಸ್ವಲ್ಪ ಎಡಕ್ಕೆ," ಅಂದ ದೂಮಣ್ಣ. "ಅಲ್ಲೇ ತುರಿಕೆ ಇರೋದು. ಹಾಂ, ಅಲ್ಲೇ."

ಬೇರಿಗೆ ಅಂಟಿಕೊಂಡು ನೋಡುತ್ತಿದ್ದ ಬಸವನಹುಳಗಳು ನಕ್ಕವು.

ಹೊತ್ತು ಇಳಿಯುತ್ತ ಬಂದಂತೆ ಕಿರಿಯಣ್ಣನ ಕಾಲು ಕೆಸರಿನಲ್ಲಿ ಹೂತುಕೊಳ್ಳತೊಡಗಿತು. ಆಗ ದೂಮಣ್ಣನ ಒಂದೇ ಒಂದು ಕೈ, ಅದೂ ತುದಿ ಮಾತ್ರ, ಅವನ ಭುಜಕ್ಕೆ ಸವರಿಕೊಂಡು ಹೋಯಿತು. ಅಷ್ಟಕ್ಕೇ ಕಿರಿಯಣ್ಣ ಉರುಳಿ, ಹೇಗೋ ಬೆನ್ನು ತಾಗುವ ಮೊದಲು ಎದ್ದು ನಿಂತ. ಬಸವನಹುಳಗಳು ನಗು ನಿಲ್ಲಿಸಿದವು.

"ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಿ," ಅಂದರು ಅಜ್ಜಯ್ಯ. "ಸೂರ್ಯ ನೀರು ಮುಟ್ಟುವ ಮೊದಲು ಮುಗಿಯಬೇಕು."

ಕಿರಿಯಣ್ಣ ಕಾಂಡ್ಲಾ ಬೇರಿನ ಮರೆಗೆ ಹೋಗಿ ಒಬ್ಬನೇ ಕುಳಿತ. ಸೂರ್ಯ ಕಡಲ ಕಡೆ ವಾಲಿದ್ದ. ಎಲ್ಲದರ ನೆರಳೂ ಉದ್ದವಾಗಿತ್ತು. ಕಿರಿಯಣ್ಣನ ನೆರಳು ದಿಬ್ಬ ಇಳಿದು, ಕೆಸರು ದಾಟಿ, ಆಚೆಯ ಮರಗಳವರೆಗೆ ಮಲಗಿತ್ತು. ಅವನು ನೋವು ನೋಡಿಕೊಳ್ಳಲು ಬಲಗೈಯನ್ನು ಎತ್ತಿದ. ನೆರಳೂ ಎತ್ತಿತು. ಎಷ್ಟು ಉದ್ದದ ಕೈ!

ಕಿರಿಯಣ್ಣ ಕೈ ಇಳಿಸಿದ. ನೆರಳು ಇಳಿಸಲಿಲ್ಲ.

ಗಾಳಿ ನಿಂತುಹೋಯಿತು. ಕೆಸರಿನಲ್ಲಿ ಗುಳ್ಳೆ ಒಡೆದಂಥ ದನಿಯಲ್ಲಿ ನೆರಳು ಮಾತನಾಡಿತು.

"ನಿನ್ನ ಕಸುಬಿನಲ್ಲಿ ತಪ್ಪಿಲ್ಲ ಕಿರಿಯಣ್ಣ. ಅವನ ಕೈ ದಾಟಿ ಒಳಗೆ ಹೋಗೋದ್ರಲ್ಲೇ ನಿನ್ನ ಕಸುಬೆಲ್ಲ ಖರ್ಚಾಗ್ತದೆ. ಒಳಗೆ ಹೋದ ಮೇಲೆ ಹೊಡೀಲಿಕ್ಕೆ ತೂಕ ಇಲ್ಲ. ಅವನು ಎಷ್ಟು ಸಲ ಬೇಕಾದ್ರೂ ತಪ್ಪಬಹುದು. ನೀನು ಒಂದು ಸಲ ತಪ್ಪಿದ್ರೆ ಮುಗೀತು."

"ಅದು ನನಗೂ ಗೊತ್ತು," ಅಂದ ಕಿರಿಯಣ್ಣ. "ಗೊತ್ತಿದ್ದು ಎಂತ ಮಾಡ್ಲಿ?"

"ನನ್ನ ಉದ್ದ ತಗೋ."

ಕಿರಿಯಣ್ಣನಿಗೆ ಚಳಿಯಾಯಿತು. "ಬದಲಿಗೆ?"

"ತೂಕ ನನ್ನ ಹತ್ರ ಇಲ್ಲ. ಅದನ್ನು ನಿನ್ನ ಇನ್ನೊಂದು ಕೈಯಿಂದಲೇ ತೆಗೀಬೇಕು. ಮತ್ತೆ, ಸೂರ್ಯ ಮುಳುಗಿದ್ರೆ ನಾನು ಹೋಗಬೇಕಾಗ್ತದೆ. ಎಲ್ಲಿಗೆ ಅಂತ ಕೇಳಬೇಡ. ನನಗೆ ಅಲ್ಲಿಗೆ ಹೋಗೋದು ಬೇಡ. ನಿನ್ನ ಕೈಯೊಳಗೆ ಇರ್ತೇನೆ."

ದೇವರನ್ನು ನೆನೆಯಲು ಅದೇ ಹೊತ್ತಾಗಿತ್ತು. ಆದರೆ ಕಿರಿಯಣ್ಣನಿಗೆ ಆಗ ನೆನಪಾದದ್ದು ಅಕ್ಕಣಿ, ಅವಳ ಹೊಟ್ಟೆಯಡಿಯ ಮೊಟ್ಟೆಗಳು, ಬೆಳಗಿನ ಪಾರಣೆ. "ಹ್ಞೂಂ," ಅಂದುಬಿಟ್ಟ.

ನೆರಳು ಕೆಸರಿನ ಮೇಲಿಂದ ಸರಿದು ಬಂದು ಅವನ ಬಲಗೈಯೊಳಗೆ ಹೊಕ್ಕಿತು. ಬಾವಿಯ ತಳದ ನೀರಿನ ಹಾಗೆ ತಣ್ಣಗಿತ್ತು. ಬಲಗೈ ಬೆಳೆಯಿತು, ಬೆಳೆಯಿತು, ಅವನ ಮೈಗಿಂತ ದೊಡ್ಡದಾಯಿತು. ಎಡಗೈ ಒಣಗಿದ ಹೂವಿನ ತೊಟ್ಟಿನಷ್ಟಾಯಿತು.

ಕಿರಿಯಣ್ಣ ಕಣಕ್ಕೆ ಮರಳಿದ. ಅವನು ಮೊದಲಿನ ಹಾಗೆ ಸರಿದಾಡಲು ನೋಡಿದ. ಆಗಲಿಲ್ಲ. ಕೈಯ ಭಾರಕ್ಕೆ ಮೈ ಒಂದು ಕಡೆ ವಾಲುತ್ತಿತ್ತು. ಕಲಿತ ಪಟ್ಟು ಒಂದೂ ಕೆಲಸಕ್ಕೆ ಬರಲಿಲ್ಲ. ಬೇಕಾಗಲೂ ಇಲ್ಲ. ದೂಮಣ್ಣ ಇನ್ನೂ ದೂರದಲ್ಲಿರುವಾಗಲೇ ಆ ಕೈ ತಾನಾಗಿ ಹೋಯಿತು. ಒಂದೇ ಹೊಡೆತ. ದೂಮಣ್ಣ ಅಂಗಾತ ಬಿದ್ದ.

ಬಿದ್ದಲ್ಲಿಂದಲೇ ಅವನು ಕಿರಿಯಣ್ಣನ ಮುಖ ನೋಡಿದ. ಆಮೇಲೆ ಆ ಕೈಯನ್ನು ನೋಡಿದ. "ತುರಿಸಿದ್ದು ನೀನು," ಅಂದ ಮೆಲ್ಲಗೆ. "ಇದು ನೀನಲ್ಲ."

ಅಜ್ಜಯ್ಯ ಕಣ್ಣು ಪೂರ್ತಿ ತೆರೆದರು. "ಬೆನ್ನು ತಾಗಿತು. ಬಿಲ ಕಿರಿಯಣ್ಣನದು," ಅಂದರು. ಸೂರ್ಯ ಮುಳುಗಿದ. ಎಲ್ಲ ನೆರಳುಗಳೂ ಹೋದವು, ಒಂದನ್ನು ಬಿಟ್ಟು.

ಬಿಲದೊಳಗೆ ಅಕ್ಕಣಿ ಆ ಕೈಯನ್ನು ಮುಟ್ಟಿ ನೋಡಿ ಹಿಂದೆ ಸರಿದಳು.

"ದೇವರು ಕೊಟ್ಟದ್ದು ಎರಡು ಕೈ. ಇದನ್ನು ಯಾರ ಹತ್ರ ಕೇಳಿದ್ರಿ?"

"ನಿನಗೋಸ್ಕರವೇ ಕೇಳಿದ್ದು."

"ನನಗೆ ಮನೆ ಉಳೀತು. ಅದಕ್ಕೆ ನಮಸ್ಕಾರ," ಅಂದಳು. ಕೈಯನ್ನು ಮತ್ತೆ ನೋಡಿ, "ಅದು ಯಾಕೆ ಅಲ್ಲಾಡ್ತಾ ಇದೆ?" ಅಂದಳು.

"ನಾನು ಅಲ್ಲಾಡಿಸ್ತಾ ಇಲ್ಲ."

ದ್ವಾದಶಿಯ ಬೆಳಕು ಬಿಲದ ಬಾಯಿಗೆ ಬಿತ್ತು. ಬೆಳಕಿನ ಜೊತೆಗೆ ನೆರಳುಗಳೂ ಮರಳಿ ಬಂದವು. ಆಗ ಆ ಕೈ ಕಿರಿಯಣ್ಣನನ್ನು ಹೊರಗೆ ಎಳೆಯತೊಡಗಿತು. ಅವನು ಕಾಲೂರಿ ತಡೆದ. ನಿಲ್ಲಲಿಲ್ಲ. ಕೈ ಬಿಲದಿಂದ ಆಚೆ ಚಾಚಿ ಮೇಲೆ ಎದ್ದಿತು, ಕೆಳಗೆ ಇಳಿಯಿತು, ಮತ್ತೆ ಎದ್ದಿತು. ಬಾ, ಬಾ ಎಂದು ಕರೆದ ಹಾಗೆ. ಕಾಂಡ್ಲಾ ಮರದ ನೆರಳನ್ನು ಕರೆಯಿತು. ಏಳಲಾಗದೆ ಬಿದ್ದಲ್ಲೇ ಇದ್ದ ದೂಮಣ್ಣನ ನೆರಳನ್ನು ಕರೆಯಿತು. ಆ ದೊಡ್ಡ ನೆರಳು ನೋಡನೋಡುತ್ತಿದ್ದಂತೆ ಅಜ್ಜಯ್ಯನ ಕೊಕ್ಕಿನ ನೆರಳಿನೊಳಗೆ ಸೇರಿ ಇಲ್ಲವಾಯಿತು.

ಕೈ ಆಗ ಅಜ್ಜಯ್ಯನ ನೆರಳನ್ನು ಕರೆಯಿತು.

ನೆರಳು ಬಂದರೆ ಅಜ್ಜಯ್ಯನೂ ಬರಬೇಕಲ್ಲ. ಉದ್ದ ಕಾಲುಗಳು ಚಪ್ ಚಪ್ ಎಂದು ಕೆಸರು ತುಳಿಯುತ್ತ ಬಿಲದ ಮುಂದೆ ನಿಂತವು.

"ಯಾರು ಕರೆದದ್ದು?" ಎಂದರು ಅಜ್ಜಯ್ಯ. "ಪಾರಣೆಗೆ ಇನ್ನೂ ಸ್ವಲ್ಪ ಜಾಗ ಇದೆ."

"ನಾನಲ್ಲ ಅಜ್ಜಯ್ಯ! ನಾನು ಕರೀಲಿಲ್ಲ!"

"ಕೈ ನಿನ್ನದೇ ಅಲ್ಲವಾ?"

ಕಿರಿಯಣ್ಣ ಕಾಲುಗಳನ್ನು ಬಿಲದ ಗೋಡೆಗೆ ಊರಿದ. ಅವನ ಅರ್ಧ ಮೈ ಆಗಲೇ ಬಿಲದ ಹೊರಗಿತ್ತು. ಕೊಕ್ಕು ಮೇಲಕ್ಕೆ ಹೋಯಿತು.

ಆಗ ಅಕ್ಕಣಿ ಮೊಟ್ಟೆಗಳನ್ನು ಗೋಡೆಗೆ ಒತ್ತಿಕೊಂಡು, ತನ್ನ ಎರಡು ಪುಟ್ಟ ಕೈಗಳಿಂದ ಅವನ ಒಣಗಿದ ಎಡಗೈಯನ್ನು ಹಿಡಿದಳು. ಅವನ ಮೈಯಲ್ಲಿ ಅವನದಾಗಿಯೇ ಉಳಿದಿದ್ದ ಕೈ ಅದೊಂದೇ. "ಬನ್ನಿ," ಅಂದಳು. ಎಳೆದಳು. ಕಿರಿಯಣ್ಣನೂ ಆ ಚೂರು ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವಳನ್ನು ಹಿಡಿದುಕೊಂಡ. ಮೊದಲು ಮೈ ಒಳಗೆ ಬಂತು. ಕೊನೆಗೆ, ಮನಸ್ಸಿಲ್ಲದೆ, ಆ ದೊಡ್ಡ ಕೈಯೂ ಬಂತು. ಕೊಕ್ಕು ಬಿಲದ ಬಾಯಿಯ ಕೆಸರಿಗೆ ಬಡಿದು ಹಿಂದಕ್ಕೆ ಹೋಯಿತು.

ಮೊಟ್ಟೆ ಒಡೆದಾಗ ಹೆಣ್ಣುಮಕ್ಕಳಿಗೆ ತಾಯಿಯ ಹಾಗೆ ಎರಡು ಪುಟ್ಟ ಕೈ, ಎರಡೂ ಸಮ. ಗಂಡುಮಕ್ಕಳೆಲ್ಲರಿಗೂ ತಂದೆಯ ಕೈ. ಅವು ಇವತ್ತಿಗೂ ಸಣ್ಣ ಕೈಯಿಂದಲೇ ಚೂರು ಚೂರು ಕೆಸರು ಬಾಯಿಗಿಡುತ್ತವೆ. ಹೆಣ್ಣು ಎರಡು ಕೈಯಿಂದ ಉಂಡು ಮುಗಿಸಿದರೂ ಗಂಡಿನ ಊಟ ಮುಗಿಯುವುದಿಲ್ಲ. ದೊಡ್ಡ ಕೈ ಊಟಕ್ಕೆ ಬರುವುದಿಲ್ಲ. ಅದರ ಹಸಿವೆಯೇ ಬೇರೆ.

ಮಗೂ, ಅಳಿವೆಯಲ್ಲಿ ನೀರು ಇಳಿದಾಗ ನೀನೂ ನೋಡಬಹುದು. ನಿನ್ನ ನೆರಳು ಕೆಸರಿನ ಮೇಲೆ ಬಿದ್ದ ಕೂಡಲೇ ಏಡಿಗಳೆಲ್ಲ ಹೆದರಿ ಬಿಲದೊಳಗೆ ಮಾಯವಾಗುತ್ತವೆ. ಅಲ್ಲಾಡದೆ ಸ್ವಲ್ಪ ಹೊತ್ತು ನಿಂತಿರು. ಒಂದೊಂದಾಗಿ ಮತ್ತೆ ಮೇಲೆ ಬಂದು ಆ ದೊಡ್ಡ ಕೈಗಳು ಬಾ, ಬಾ ಎನ್ನುತ್ತವೆ. ಅವು ಕರೆಯುತ್ತಿರುವುದು ನಿನ್ನ ಕಾಲಬುಡದಲ್ಲಿ ಮಲಗಿರುವ ನೆರಳನ್ನು. ಅದು ಹೋದರೆ ನೀನೂ ಹೋಗಬೇಕಲ್ಲ, ನೀನು ಮಾತ್ರ ಕೈ ಬೀಸಬೇಡ.