ಗಿರಿಜವ್ವನ ಪುಸ್ತಕದ ಹಕ್ಕುದಾರ

ಬ್ಲೌಸ್ ಹೊಲಿಯುವ ಗಿರಿಜವ್ವ ಗಿರಾಕಿಗಳ ಬಗ್ಗೆ ನಗೆಬರಹ ಬರೆದು, ತಾನೇ ಪುಸ್ತಕ ಮಾಡಿಸುತ್ತಿದ್ದಳು. ಅಚ್ಚಿಗೆ ಹೋಗುವ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಪ್ರಿನ್ಸಿಪಾಲ್ ಹಂಪಣ್ಣ ಪ್ರೆಸ್ಸಿಗೇ ಬಂದರು. ಪುಸ್ತಕ ಓದದೆಯೇ ಮುನ್ನುಡಿ ಬರೆದುಕೊಟ್ಟವರು ಅವರೇ.

"ಕಾಪಿರೈಟ್ ಪುಟದಾಗ ನನ್ನ ಹೆಸರು ಹಾಕಸು. ಇಲ್ಲಾಂದ್ರ ಮುನ್ನುಡಿ ವಾಪಸ್ ಕೊಡು!"

"ಹಾಕಸೋಣ್ರೀ ಸರ್!" ಗಿರಿಜವ್ವ ಹಿಗ್ಗಿದಳು. "ಅಂದ್ರ ಇದೆಲ್ಲಾ ನೀವ ಬರದಂಗ. ಈ ಪುಟ ಒಂದ್ಸಲ ಓದ್ರಿ."

ಹಂಪಣ್ಣ ಓದಿದರು: 'ಪ್ರಿನ್ಸಿಪಾಲರ ಹೆಂಡತಿ ವರ್ಷಾ ವರ್ಷಾ ದಪ್ಪ ಆಗ್ತಾರ, ಹಳೇ ಅಳತೀಗೇ ಹೊಲಿ ಅಂತಾರ.'

"ನಾ ಬರದೀನಂತ ನಿಮ್ಮ ಮನಿ ಅಕ್ಕಾರು ಇದನ್ನ ಓದಿ ಬಿದ್ದು ಬಿದ್ದು ನಕ್ಕರ್ರೀ. ನೀವು ಬರದೀರಿ ಅಂದ್ರ..."

ಹಂಪಣ್ಣ ಬೆವೆತುಹೋದರು. ಅಚ್ಚಿನವನತ್ತ ತಿರುಗಿ ಕೂಗಿದರು: "ಬರದವರದ ಹಕ್ಕು! ಕಾನೂನ ಹಂಗೈತಿ! ಆಕಿ ಹೆಸರು ದೊಡ್ಡದಾಗಿ ಹಾಕೋ!"