ನೇರಳೆ ಜೆಲ್ ಮತ್ತು ಹಳೆಯ ದೀಪ

ಉಗುರಿಗೆ ಹಚ್ಚುವ ಜೆಲ್ ಗಾಳಿಗೆ ಒಣಗುವುದಿಲ್ಲ, ತನಗೆ ಹೊಂದುವ ದೀಪದ ಬೆಳಕಿಗಷ್ಟೇ ಗಟ್ಟಿಯಾಗುತ್ತದೆ. ಸಲೂನಿಗೆ ಹೊಸದಾಗಿ ಬಂದ ನೇರಳೆ ಜೆಲ್ ಅಲ್ಲಿನ ಹಳೆಯ ದೀಪಕ್ಕೆ ಹೇಳಿತು: "ದೀಪಣ್ಣ, ಇವತ್ತು ಮದುಮಗಳ ಉಗುರೇರುತ್ತೇನೆ. ಬೇಗ ಗಟ್ಟಿಮಾಡು."

"ನಿನಗೆ ಬೇಕಾದ ಬೆಳಕು ನನ್ನಲ್ಲಿಲ್ಲ ತಂಗಿ. ಮೇಲೆ ಹೊಳೆಯುತ್ತೀಯೆ, ಒಳಗೆ ಹಸಿಯಾಗಿಯೇ ಉಳಿಯುತ್ತೀಯೆ. ಹಸಿ ಜೆಲ್ ತಾಗಿದರೆ ಚರ್ಮಕ್ಕೆ ತುರಿಕೆ ಏಳಬಹುದು."

"ಯಾರಿಗೆ ಗೊತ್ತಾಗುತ್ತೆ? ಬಾಯಿ ಬಿಟ್ಟರೆ ನಾನು ಮತ್ತೆ ಕಪಾಟಿಗೆ!"

"ಹಸೆಮಣೆಯ ಮೇಲೆ ಅವಳು ಬೆರಳು ಕೆರೆದುಕೊಳ್ಳುತ್ತಾ ಕೂರಬೇಕೇ?"

ಜೆಲ್ ತಾನೇ ಹೊರಳಿ, ಯಾವ ದೀಪ ಬೇಕೆಂದು ಬರೆದು ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ಸಲೂನಿನ ಒಡತಿ ಫಿಲೋಮಿನಾಗೆ ತೋರಿಸಿತು. ಆಕೆ ಓದಿ, ಹಳೆಯ ದೀಪಕ್ಕೆ ಹೊಂದುವ ಗುಲಾಬಿ ಜೆಲ್ ಎತ್ತಿಕೊಂಡಳು.

"ನೇರಳೆಗೆ ತಕ್ಕ ದೀಪ ತರಿಸಿಡಿ ಫಿಲೋಮಿನಕ್ಕ," ಎಂದಳು ಮದುಮಗಳು. "ಮೊದಲ ಹಬ್ಬಕ್ಕೆ ತವರಿಗೆ ಬಂದಾಗ ನನಗೆ ಅದೇ ಬೇಕು."