ತಿಪ್ಪವ್ವನ ಸಪ್ಪೆ ಸಾರು

ಹೇಳಿ ನೋಡೋಣ! ಒಬ್ಬ ಪಾಳೇಗಾರನನ್ನು ಗದ್ದುಗೆಯಿಂದ ಇಳಿಸಬೇಕು ಅಂತ ಪಕ್ಕದ ರಾಜ ಅವನ ಸೀಮೆಗೆ ಉಪ್ಪು ಬರೋ ದಾರಿ ಕಟ್ಟಿದ. ಏನಾಯಿತು? ಪಾಳೇಗಾರ ಬಿದ್ದ ಅಂತೀರಾ? ತಾಳಿ, ಸ್ವಾರಸ್ಯ ಇರೋದೇ ಅಲ್ಲಿ!

ಎಲ್ಲಿ ಅಂತ ಕೇಳಬೇಡಿ, ಒಂದು ಊರು. ಅಲ್ಲಿ ಕೆಂಚನಾಯಕ ಅಂತ ಪಾಳೇಗಾರನಿದ್ದನಂತೆ. ಮಹಾ ಕೇಡಿಗ. ಕೆರೆ ನೀರು ನಿಮ್ಮ ತೋಟಕ್ಕೇ ಯಾಕೆ ಹರಿಯುತ್ತೆ ಅಂತ ಕೇಳಿದ ತಪ್ಪಿಗೆ ಅದೇ ಊರಿನ ತಿಪ್ಪವ್ವ ಅನ್ನೋಳ ಗಂಡ ಬೋರಯ್ಯನನ್ನು ಸೆರೆಗೆ ಹಾಕಿದ್ದನಂತೆ. ರಾಜ ಅಂದುಕೊಂಡ: "ಉಪ್ಪು ನಿಂತರೆ ಜನ ತಾವೇ ಅವನನ್ನು ಒದ್ದು ಓಡಿಸ್ತಾರೆ."

ನಾಯಕನೇನು ದಡ್ಡನೇ? ಅಂಗಡಿಗಳ ಉಪ್ಪನ್ನೆಲ್ಲ ಬಾಚಿ ತನ್ನ ಕಣಜಕ್ಕೆ ತುಂಬಿಸಿದ. ಬಾಗಿಲಲ್ಲಿ ಕೂತು ಮನೆಗೊಂದು ಹಿಡಿ ಹಂಚಿದ. ಹಂಚುವಾಗ ಒಂದೇ ಮಾತು: "ನನ್ನ ಉಪ್ಪಿನ ಋಣ ನೆನಪಿರಲಿ!" ನಿನ್ನೆ ಶಾಪ ಹಾಕಿದವರೇ ಇವತ್ತು ಕೈಯೊಡ್ಡಿ "ನಮ್ಮಪ್ಪಾ, ನಮ್ಮ ದೊರೆ" ಅಂದರಂತೆ. ಉಪ್ಪು ತಿಂದ ಮೇಲೆ ಎದುರಾಡೋದು ಹೇಗೆ? ರಾಜ ದಾರಿ ಬಿಗಿದಷ್ಟೂ ನಾಯಕನ ಗದ್ದುಗೆ ಭದ್ರವಾಯಿತಂತೆ!

ತಿಪ್ಪವ್ವ ಬಂದಳು.

"ತಗೋಳವ್ವ, ಉಪ್ಪು."

"ನನ್ನ ಗಂಡನ್ನ ಬಿಡ್ತೀರಾ ದೊರೆ?"

"ಉಪ್ಪು ತಿಂದೋಳು ಹಾಗೆಲ್ಲ ಕೇಳಬಾರದು."

"ಹಾಗಾದರೆ ತಿನ್ನಲ್ಲ, ಹೋಗು! ಕೇಳ್ತಾನೇ ಇರ್ತೀನಿ."

ಮನೆಗೆ ಹೋಗಿ ಸಪ್ಪೆ ಹುರುಳಿಸಾರು ಕುದಿಸಿ ಕೇರಿಯವರನ್ನೆಲ್ಲ ಊಟಕ್ಕೆ ಕರೆದಳು.

"ಥೂ, ಕಲಗಚ್ಚು ಕಣೇ ಇದು!" ಅಂದನಂತೆ ಪಕ್ಕದ ಮನೆ ಕಲ್ಲಜ್ಜ.

"ನಾಗರ ಚೌತಿಗೆ ಉಪ್ಪು ಬಿಡಲ್ವೇನಜ್ಜ? ದಿನಾ ಚೌತಿ ಅಂದ್ಕೊಂಡು ನುಂಗು. ಋಣ ಇಲ್ಲದ ಸಾರು!"

ಅಜ್ಜ ನಕ್ಕ, ನುಂಗಿದ, ಇನ್ನೊಂದು ಸೌಟು ಹಾಕಿಸಿಕೊಂಡ. ಹುಣಸೆಹಣ್ಣು ಜಾಸ್ತಿ ಕಿವುಚಿ, ಮೆಣಸಿನಕಾಯಿ ಅರೆದು, ಕೇರಿಯಿಂದ ಕೇರಿಗೆ ಸಪ್ಪೆ ಸಾರು ಹಬ್ಬಿತು. ಕಾವಲುಗಾರರ ಹೆಂಡಿರೂ ನಾಯಕನ ಉಪ್ಪು ಬಿಟ್ಟರಂತೆ. ಕಣಜದ ಬಾಗಿಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಳೆಗಾಲದ ತೇವಕ್ಕೆ ಉಪ್ಪೆಲ್ಲ ನೀರಾಗಿ ಹೊಸಿಲು ದಾಟಿ ಹರಿಯಿತಂತೆ.

"ಹಿಡೀರೋ ಆ ತಿಪ್ಪವ್ವನ್ನ!" ಅಂತ ಕೂಗಿದ ನಾಯಕ.

"ಯಾವ ಋಣಕ್ಕೆ?" ಅಂದ ಕಾವಲುಗಾರ, ಸೆರೆಯ ಬೀಗ ತೆಗೆದು ಬೋರಯ್ಯನನ್ನು ಹೊರಗೆ ಕಳಿಸಿದ. ನಾಯಕ ಹಿತ್ತಿಲ ಬಾಗಿಲಿಂದ ಓಟ!

ಆಗ ಬಂದ ನೋಡಿ ರಾಜ, ಎತ್ತುಗಳ ಮೇಲೆ ಉಪ್ಪು ಹೇರಿಸಿಕೊಂಡು, ಮೀಸೆ ತಿರುವಿಕೊಂಡು. "ಎಲ್ಲಾ ನನ್ನಿಂದ ಆಯ್ತು. ತಗೊಳ್ಳಿ, ಪುಕ್ಕಟೆ!"

"ಪುಕ್ಕಟೆ ಬೇಡ ಸ್ವಾಮಿ." ತಿಪ್ಪವ್ವ ಅವನ ಮುಂದೆ ಒಂದು ಮೊರ ರಾಗಿ ತಂದಿಟ್ಟಳು. "ಸೇರಿಗೆ ಸೇರು ಅಳೆದು ಕೊಡಿ. ಒಬ್ಬನ ಋಣ ಈಗ ತಾನೇ ಕೊಡವಿದ್ದೀವಿ, ಇನ್ನೊಬ್ಬನದು ಹೊರಲ್ಲ."

ರಾಜ ತೆಪ್ಪಗೆ ಅಳೆದು ಕೊಟ್ಟನಂತೆ.

ಅವರ ಸಾರಿಗೆ ಉಪ್ಪು ಬಿತ್ತು, ನನ್ನ ಕತೆಗೆ ಮುಚ್ಚಳ ಬಿತ್ತು. ಊರು ಯಾವುದು ಅಂತ ಕೇಳಬೇಡಿ ಅಂದೆ, ದಿನ ಬೇಕಾದರೆ ಹೇಳ್ತೀನಿ: ಆಷಾಢ ಬಹುಳ ದಶಮಿ, ಬುಧವಾರ.